ಬೀಳದೆ ಉಳಿದ ಹೆಜ್ಜೆಗಳ ಲೆಕ್ಕ

ಶರಾವತಿಯ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸೇತುವೆಯು 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಸುಮಾರು 2.44 ಕಿ.ಮೀ. ಉದ್ದದ ಈ ಕೇಬಲ್ ಸೇತುವೆಯ ಮೇಲೆ ಇಂದು ಸಿಗಂದೂರಿಗೆ ಹೋಗುವವರು ವಾಹನದಿಂದ ಇಳಿಯಬೇಕಾಗಿಯೇ ಇಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡು ಕಣಿವೆಯು ನೀರಾದ ಮೇಲೆ, ತುಮರಿಯ ಕಡೆಯ ಜನರಿಗೂ ಚೌಡೇಶ್ವರಿಯ ಭಕ್ತರಿಗೂ ಹೊರಜಗತ್ತಿನೊಡನೆ ಇದ್ದ ಮುಖ್ಯ ಕೊಂಡಿ ಲಾಂಚು. ದಶಕಗಳ ಕಾಲ ಅದು ಬಸ್ಸನ್ನೂ ಬಾಣಂತಿಯನ್ನೂ ಮದುವೆಯ ದಿಬ್ಬಣವನ್ನೂ ಹೊತ್ತು ದಾಟಿಸಿತು.

ಸೇತುವೆ ತೆರೆದ ಸುದ್ದಿಯನ್ನು ಓದಿದಾಗ ನನಗೆ ನೆನಪಾದದ್ದು ಬಹಳ ಸಣ್ಣ ಸಂಗತಿ. ಒಂದು ಆಷಾಢದ ದಿನ, ಮಳೆ ಹನಿಯುತ್ತಿರಲು, ಲಾಂಚಿನಿಂದ ದಡಕ್ಕೆ ಇಳಿಸುವ ಕಬ್ಬಿಣದ ಹಲಗೆಯ ಮೇಲೆ ನನ್ನ ಕಾಲು ಜಾರಿತು. ಹಿಂದೆ ಬರುತ್ತಿದ್ದ ಯುವಕನೊಬ್ಬನು ತೋಳು ಹಿಡಿದು ನಿಲ್ಲಿಸಿದನು. ನಾನು ಬೀಳಲಿಲ್ಲ. ಮೂಳೆ ಮುರಿಯಲಿಲ್ಲ, ಪಂಚೆಯೂ ನೆನೆಯಲಿಲ್ಲ. ಮನೆಗೆ ಬಂದು ಹೇಳಿದಾಗ "ಸದ್ಯ, ಏನೂ ಆಗಲಿಲ್ಲವಲ್ಲ" ಎಂದರು. ಅಲ್ಲಿಗೆ ಆ ಘಟನೆಯು 'ಏನೂ ಆಗಲಿಲ್ಲ' ಎಂಬ ಖಾತೆಗೆ ಸೇರಿಹೋಯಿತು.

ಆ ದಿನ ನಮ್ಮೊಡನಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು. ಆಕೆ ಈಗ ಬೆಂಗಳೂರಿನಲ್ಲಿ ಅಮೆರಿಕದ ಆಸ್ಪತ್ರೆಗಳ ದಾಖಲೆಗಳನ್ನು ಓದಿ, ರೋಗಕ್ಕೂ ಚಿಕಿತ್ಸೆಗೂ ಸಂಖ್ಯೆ ಹಚ್ಚುವ ಉದ್ಯೋಗದಲ್ಲಿದ್ದಾಳೆ. ಮೆಡಿಕಲ್ ಕೋಡಿಂಗ್ ಎಂದು ಅದರ ಹೆಸರು. ಸೇತುವೆಯ ಸುದ್ದಿ ಬಂದ ದಿನ ಆಕೆ ದೂರವಾಣಿ ಮಾಡಿ, "ಮೇಷ್ಟ್ರೇ, ನೀವು ಅವತ್ತು ಲಾಂಚಿನಲ್ಲಿ ಜಾರಿದಿರಲ್ಲ, ಬೀಳಲಿಲ್ಲವಲ್ಲ, ಅದಕ್ಕೂ ನಮ್ಮ ಪುಸ್ತಕದಲ್ಲಿ ಒಂದು ನಂಬರು ಉಂಟು" ಎಂದಳು. ನನಗೆ ನಗು ಬಂತು. ಆಮೇಲೆ ನಗು ನಿಂತಿತು. ಬಿದ್ದವರ ಲೆಕ್ಕವನ್ನು ಇಡುವುದು ತಿಳಿದಿತ್ತು. ಬೀಳದವರ ಲೆಕ್ಕವನ್ನೂ ಲೋಕವು ಇಡತೊಡಗಿದೆಯೆಂದರೆ ಅದಕ್ಕೊಂದು ಚರಿತ್ರೆ ಇರಲೇಬೇಕು. ಆ ಚರಿತ್ರೆಯನ್ನು ನಾನು ತಿಳಿದುಕೊಂಡಷ್ಟು ನಿಮ್ಮ ಮುಂದಿಡುತ್ತೇನೆ. ಅದರ ಕೊನೆಯಲ್ಲಿ ನನ್ನದೇ ಒಂದು ತಪ್ಪನ್ನೂ ಹೇಳಬೇಕಾಗಿದೆ.

*

ಮೊದಲು ಭಾಷೆಯ ಮಾತು. ಕಾಲು ನೆಲದ ಮೇಲೆ ನಿಲ್ಲದೆ ಮುಂದೆ ಸರಿದರೆ ಜಾರುವುದು. ಕಲ್ಲಿಗೋ ಬೇರಿಗೋ ತಾಗಿದರೆ ಎಡವುವುದು. ದೇಹವು ಮುಂದಕ್ಕೆ ಬಾಗಿ ಎರಡು ಹೆಜ್ಜೆ ಓಡಿದಂತಾದರೆ ಮುಗ್ಗರಿಸುವುದು. ನಿಂತಲ್ಲೇ ತೂಗಾಡಿದರೆ ತತ್ತರಿಸುವುದು. ಇವೆಲ್ಲವೂ ಬೀಳುವುದಕ್ಕಿಂತ ಮುಂಚಿನ ಅವಸ್ಥೆಗಳು. ಕೊನೆಗೆ ಬೀಳದೆ ನಿಂತರೆ ಅದಕ್ಕೆ ಸಾವರಿಸಿಕೊಳ್ಳುವುದು ಎಂಬ ಸುಂದರವಾದ ಮಾತಿದೆ. ಜಾರುವ ನೆಲದಲ್ಲಿ ಬಾಳಿದ ಜನರ ಭಾಷೆ ಇಷ್ಟು ಸೂಕ್ಷ್ಮವಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಈ ಸೂಕ್ಷ್ಮತೆಯು ಮಾತಿನಲ್ಲಿ ಉಳಿಯಿತೇ ಹೊರತು ನಮ್ಮ ದಫ್ತರಗಳಿಗೆ ಏರಲಿಲ್ಲ.

ದಫ್ತರಗಳು ಎಲ್ಲ ದೇಶಗಳಲ್ಲಿಯೂ ಸಾವಿನಿಂದಲೇ ಆರಂಭವಾದವು. ಲಂಡನ್ ನಗರದಲ್ಲಿ ವಾರವಾರವೂ ಪ್ರಕಟವಾಗುತ್ತಿದ್ದ ಮರಣಪಟ್ಟಿಗಳನ್ನು ಒಟ್ಟುಗೂಡಿಸಿ ಜಾನ್ ಗ್ರಾಂಟ್ ಎಂಬ ವ್ಯಾಪಾರಿಯು 1662ರಲ್ಲಿ ಒಂದು ಪುಸ್ತಕವನ್ನು ಬರೆದನು. ಅದರ ಕೋಷ್ಟಕದಲ್ಲಿ 'ಹಲ್ಲು ಮತ್ತು ಹುಳು', 'ಹೆದರಿಕೆ' ಎಂಬಂತಹ ಕಾರಣಗಳು ಕೂಡ ಇದ್ದವು. 'ನಾನಾ ಅಪಘಾತಗಳಿಂದ ಸತ್ತವರು' ಎಂಬುದು ಒಂದೇ ಸಾಲು. ಮೆಟ್ಟಿಲಿನಿಂದ ಬಿದ್ದವನೂ ಬಂಡಿಯ ಕೆಳಗೆ ಸಿಕ್ಕವನೂ ಆ ಒಂದು ಸಾಲಿನಲ್ಲಿ ಮಲಗಬೇಕಾಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿಲಿಯಂ ಫಾರ್ ಎಂಬಾತನು ಸಾವಿನ ಕಾರಣಗಳಿಗೆ ಒಂದೇ ಬಗೆಯ ಹೆಸರು ಮತ್ತು ವರ್ಗ ಇರಬೇಕೆಂದು ಹೋರಾಡಿದನು. ಒಂದು ಊರಿನ ವೈದ್ಯನು ಒಂದು ಹೆಸರನ್ನು, ಇನ್ನೊಂದು ಊರಿನವನು ಮತ್ತೊಂದು ಹೆಸರನ್ನು ಬರೆದರೆ ಎರಡನ್ನೂ ಕೂಡಿಸುವುದು ಹೇಗೆ? ಪ್ಯಾರಿಸ್ ನಗರದ ಅಂಕಿಅಂಶ ಇಲಾಖೆಯ ಮುಖ್ಯಸ್ಥನಾಗಿದ್ದ ಜಾಕ್ ಬರ್ಟಿಲೋನ್ ಸಿದ್ಧಪಡಿಸಿದ ಪಟ್ಟಿಯನ್ನು 1893ರಲ್ಲಿ ಷಿಕಾಗೊ ನಗರದಲ್ಲಿ ಸೇರಿದ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಂಸ್ಥೆಯು ಅಂಗೀಕರಿಸಿತು. ಅದೇ ವರ್ಷ, ಅದೇ ನಗರದಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದರೆಂಬುದನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಈ ಪಟ್ಟಿಯ ವಿಷಯವನ್ನು ಯಾರೂ ಕಲಿಸುವುದಿಲ್ಲ. 1900ರಲ್ಲಿ ಅದರ ಮೊದಲ ಪರಿಷ್ಕರಣೆಯಾಯಿತು. ಆ ಬಳಿಕ ಹೆಚ್ಚು ಕಡಿಮೆ ಹತ್ತು ವರ್ಷಕ್ಕೊಮ್ಮೆ ತಿದ್ದುವ ಪದ್ಧತಿ ಬಂದಿತು.

1948ರಲ್ಲಿ ಆಗತಾನೆ ಹುಟ್ಟಿದ್ದ ವಿಶ್ವ ಆರೋಗ್ಯ ಸಂಸ್ಥೆಯು ಆರನೆಯ ಪರಿಷ್ಕರಣೆಯ ಹೊಣೆ ಹೊತ್ತಿತು. ಆಗ ಎರಡು ದೊಡ್ಡ ಬದಲಾವಣೆಗಳಾದವು. ಮೊದಲನೆಯದು, ಸಾವು ಮಾತ್ರವಲ್ಲದೆ ಸಾಯದೆ ಉಳಿದ ರೋಗಿಯ ರೋಗವೂ ಪಟ್ಟಿಗೆ ಬಂದಿತು. ಎರಡನೆಯದು, ಗಾಯಕ್ಕೆ ಎರಡು ಸಂಖ್ಯೆಗಳಾದವು: ಯಾವ ಮೂಳೆ ಮುರಿಯಿತು ಎಂಬುದಕ್ಕೆ ಒಂದು, ಹೇಗೆ ಮುರಿಯಿತು ಎಂಬುದಕ್ಕೆ ಇನ್ನೊಂದು. ಈ ಎರಡನೆಯ ಸಂಖ್ಯೆಯೇ ನನ್ನ ಕಥೆಗೆ ಮುಖ್ಯ. ಮುರಿದ ಮೂಳೆಯನ್ನು ವೈದ್ಯರು ಕೂಡಿಸುತ್ತಾರೆ. ಹೇಗೆ ಮುರಿಯಿತೆಂದು ತಿಳಿದರೆ ಮುಂದಿನವನ ಮೂಳೆ ಮುರಿಯದಂತೆ ನೋಡಿಕೊಳ್ಳಬಹುದು.

*

ನಮ್ಮ ಕಡೆಯಲ್ಲಿ ಏನಾಗುತ್ತಿತ್ತು? ಬ್ರಿಟಿಷ್ ಇಂಡಿಯಾದ ವಾರ್ಷಿಕ ಆರೋಗ್ಯ ವರದಿಗಳಲ್ಲಿ ಸಾವಿನ ಕಾರಣಗಳು ಬೆರಳೆಣಿಕೆಯಷ್ಟು: ಕಾಲರಾ, ಸಿಡುಬು, ಪ್ಲೇಗು, ಜ್ವರ, ಭೇದಿ, ಶ್ವಾಸದ ರೋಗ, ಗಾಯ, ಉಳಿದವು. ಹಳ್ಳಿಯಲ್ಲಿ ಲೆಕ್ಕ ಬರೆಯುತ್ತಿದ್ದವರು ವೈದ್ಯರಲ್ಲ. ನಮ್ಮ ಸೀಮೆಯಲ್ಲಾದರೆ ಪಟೇಲರು, ಶಾನುಭೋಗರು. ಆ ವಂಶಪಾರಂಪರ್ಯ ಹುದ್ದೆಗಳು 1961ರ ಕಾಯಿದೆಯಿಂದ ರದ್ದಾಗಿ, 1963ರಿಂದ ಸಂಬಳದ ಗ್ರಾಮ ಲೆಕ್ಕಿಗರು ಬಂದರು. 1969ರಲ್ಲಿ ಜನನ ಮರಣ ನೋಂದಣಿ ಕಾಯಿದೆಯೂ ಬಂದಿತು. ಆದರೂ ಅಡಿಕೆ ಮರದಿಂದ ಬಿದ್ದು ಸತ್ತವನು ಬಹುಕಾಲ 'ಗಾಯ' ಅಥವಾ 'ಅಪಘಾತ' ಎಂಬ ಒಂದು ಶಬ್ದದೊಳಗೇ ಮುಗಿದುಹೋಗುತ್ತಿದ್ದನು.

ಅಡಿಕೆ ಮರವನ್ನು ಹತ್ತುವ ಕಷ್ಟವನ್ನು ಸಾಗರ, ಹೊಸನಗರ, ತೀರ್ಥಹಳ್ಳಿಯವರಾದ ನಿಮಗೆ ನಾನು ವಿವರಿಸಬೇಕಾಗಿಲ್ಲ. ಐವತ್ತು ಅರವತ್ತು ಅಡಿಯ, ತೋಳಿನ ಹಿಡಿತಕ್ಕೆ ಸಿಗುವ, ಕೊಂಬೆಯೇ ಇಲ್ಲದ ಮರ. ಕಾಲಿಗೆ ತಳೆ, ಸೊಂಟಕ್ಕೆ ಕತ್ತಿ, ಕೆಳಗೆ ಹಗ್ಗ ಹಿಡಿದು ಕೊನೆ ಇಳಿಸಿಕೊಳ್ಳುವ ಇನ್ನೊಬ್ಬ. ನುರಿತ ಕೊನೆಗಾರನು ಒಂದು ಮರದ ತುದಿಯಿಂದ ಮರವನ್ನೇ ಬಾಗಿಸಿ ಇನ್ನೊಂದಕ್ಕೆ ಹಾಯುತ್ತಾನೆ. ಕೊಯ್ಲು ಬೇಸಗೆಯ ಹೊಸ್ತಿಲಿನ ಕೆಲಸವಾದ್ದರಿಂದ ಮರ ಒಣಗಿರುತ್ತದೆ. ಆದರೆ ಔಷಧಿ ಹೊಡೆಯುವುದು ಮಳೆಗಾಲದ ಕೆಲಸ.

ಇದಕ್ಕೂ ಒಂದು ತಾರೀಖು ಉಂಟು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ 1910ರಲ್ಲಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಕೊನೆಗಳಿಗೆ ಸಿಂಪಡಿಸುವ ಪದ್ಧತಿ ನಮ್ಮ ತೋಟಗಳಲ್ಲಿ ಬೇರೂರಿದ್ದು ಆ ಬಳಿಕ. ತೋಟಗಳನ್ನು ಉಳಿಸಿದ ಉಪಕಾರವದು. ಅದೇ ಉಪಕಾರವು ಮನುಷ್ಯನನ್ನು ಪಾಚಿಗಟ್ಟಿದ ಮರದ ಮೇಲೆ ಮಳೆಯ ಬಿಡುವಿನಲ್ಲಿ ಹತ್ತಿಸಿತು. ಕೊಳೆರೋಗದಿಂದ ಎಷ್ಟು ಅಡಿಕೆ ಉದುರಿತೆಂಬುದನ್ನು ಪ್ರತಿ ಮನೆಯವರೂ ಹೇಳಬಲ್ಲರು. ಆ ಮಳೆಗಾಲದಲ್ಲಿ ಎಷ್ಟು ಸಲ ತಳೆ ಜಾರಿತೆಂಬುದನ್ನು ಹೇಳುವವರಿಲ್ಲ.

ವಿಶ್ವ ಆರೋಗ್ಯ ಸಭೆಯು 1990ರಲ್ಲಿ ಅನುಮೋದಿಸಿದ ಹತ್ತನೆಯ ಪರಿಷ್ಕರಣೆಯಲ್ಲಿ ಮರದಿಂದ ಬೀಳುವುದಕ್ಕೆಂದೇ ಒಂದು ಸಂಖ್ಯೆ ಇದೆ: ಡಬ್ಲ್ಯೂ 14. ಅದರ ಮುಂದೆ ಚುಕ್ಕಿ ಇಟ್ಟು ಸ್ಥಳದ ಅಂಕಿಯನ್ನು ಬರೆಯಬಹುದು. ಮನೆಗೆ ಸೊನ್ನೆ, ಶಾಲೆಗೆ ಎರಡು, ರಸ್ತೆಗೆ ನಾಲ್ಕು, ಜಮೀನಿಗೆ ಏಳು. ಹಾಗಾದರೆ ಡಬ್ಲ್ಯೂ 14.7 ಎಂದರೆ ಜಮೀನಿನಲ್ಲಿ ಮರದಿಂದ ಬಿದ್ದವನು. ಸೊಂಟದ ಬೆನ್ನೆಲುಬು ಮುರಿದಿದ್ದರೆ ಎಸ್ 32.0 ಎಂಬುದು ಅದರ ಜೊತೆಗೆ ಬರುತ್ತದೆ. ಇದನ್ನು ಕೇಳಿದಾಗ ನನಗೆ ವಿಚಿತ್ರವಾದ ಸಮಾಧಾನವಾಯಿತು. ಜಿನೀವಾದ ಪುಸ್ತಕದಲ್ಲಿ ನಮ್ಮ ತೋಟಕ್ಕೂ ನಮ್ಮ ಕೊನೆಗಾರನಿಗೂ ಒಂದು ಮನೆ ಇದೆ. ಆದರೆ ಆ ಮನೆಗೆ ಅವನನ್ನು ಸೇರಿಸಬೇಕಾದದ್ದು ಆಸ್ಪತ್ರೆಯ ಚೀಟಿ. ಚೀಟಿಯಲ್ಲಿ 'ಬೆನ್ನುನೋವು' ಎಂದಷ್ಟೇ ಇದ್ದರೆ ಅವನು ಹೊರಗೇ ಉಳಿಯುತ್ತಾನೆ.

"ಕೋಡ್ ಮಾಡುವವರು ಊಹಿಸುವ ಹಾಗಿಲ್ಲ ಮೇಷ್ಟ್ರೇ. ಡಾಕ್ಟರು ಬರೆದಿದ್ದರೆ ಆಯಿತು, ಬರೆಯದಿದ್ದರೆ ಅದು ನಡೆದೇ ಇಲ್ಲ" ಎಂದು ನನ್ನ ವಿದ್ಯಾರ್ಥಿನಿ ಹೇಳಿದಳು. ಒಂದು ವೃತ್ತಿಯ ನಿಯಮವಾಗಿ ಇದು ನ್ಯಾಯವೇ. ಆದರೆ ಚರಿತ್ರೆಯ ನಿಯಮವಾಗಿ ಯೋಚಿಸಿದರೆ ಭಯವಾಗುತ್ತದೆ.

*

ಈ ಮಾತಿಗೆ ನಮ್ಮ ಜಿಲ್ಲೆಯಲ್ಲಿಯೇ ಎರಡು ಹಳ್ಳಿಗಳ ನಿದರ್ಶನವಿದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು; ಜನರಿಗೆ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸನ್ನು ಗುರುತಿಸಿ ಅದಕ್ಕೆ ಆ ಕಾಡಿನ ಹೆಸರನ್ನೇ ಇಟ್ಟರು. ನಾವು ಮಂಗನ ಕಾಯಿಲೆ ಎನ್ನುವ ಈ ರೋಗಕ್ಕೆ ಹತ್ತನೆಯ ಪರಿಷ್ಕರಣೆಯಲ್ಲಿ ಎ 98.2 ಎಂಬ ಸಂಖ್ಯೆ ಇದೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಮತ್ತೆ ಜೀವಗಳನ್ನು ತೆಗೆದುಕೊಂಡಾಗ, ಅದು ಯಾವ ರೋಗವೆಂದು ಲೋಕಕ್ಕೆ ಹೊಸದಾಗಿ ಹೇಳಬೇಕಾಗಿರಲಿಲ್ಲ.

ಇನ್ನೊಂದು ಹಳ್ಳಿ ಸಾಗರದ ಬಳಿಯ ಹಂದಿಗೋಡು. ಎಪ್ಪತ್ತರ ದಶಕದ ಮಧ್ಯಭಾಗದಲ್ಲಿ ಅಲ್ಲಿನ ಕೃಷಿ ಕೂಲಿಯ ಕುಟುಂಬಗಳಲ್ಲಿ ಸೊಂಟದ, ಮೊಣಕಾಲಿನ ಕೀಲುಗಳು ಸವೆದು ವಿಕಾರವಾಗುವ ರೋಗ ಬೆಳಕಿಗೆ ಬಂದಿತು. ನಡೆಯುವವರು ಓಲಾಡುತ್ತ ನಡೆಯುವಂತಾದರು. ಹಲವರು ನಡೆಯುವುದನ್ನೇ ಬಿಟ್ಟರು. 1977ರಲ್ಲಿ ಪ್ರಕಟವಾದ ಅಧ್ಯಯನವು ಅದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆಯಿತು. ಗದ್ದೆಯ ಏಡಿಯ ಮೂಲಕ ಬಂದ ಕೀಟನಾಶಕವೇ ಕಾರಣವೆಂಬ ಸಂದೇಹವೂ ಹಬ್ಬಿತ್ತು. ಮುಂದಿನ ಸಂಶೋಧನೆಗಳು ವಂಶವಾಹಿಯ ಕಡೆಗೆ ಬೆರಳು ತೋರಿದವು. ಆದರೆ ಹತ್ತನೆಯ ಪರಿಷ್ಕರಣೆಯಲ್ಲಿ ಹಂದಿಗೋಡಿಗೆ ತನ್ನದೇ ಆದ ಸಂಖ್ಯೆ ಇಲ್ಲ. ದೂರದ ಆಸ್ಪತ್ರೆಯೊಂದಕ್ಕೆ ಹೋದ ರೋಗಿಯು ಮೂಳೆ ಬೆಳವಣಿಗೆಯ ಯಾವುದೋ ವಿಶಾಲ ವರ್ಗದೊಳಗೆ ಸೇರಿಹೋಗುತ್ತಾನೆ. ಆ ಕುಟುಂಬಗಳ ತಾಯಂದಿರು ಮಗುವಿನ ನಡಿಗೆ ತಪ್ಪುವುದನ್ನು ವೈದ್ಯರಿಗಿಂತ ಎಷ್ಟೋ ಮೊದಲೇ ಕಂಡಿರಬೇಕು. ಆ ಮೊದಲ ತಪ್ಪಿದ ಹೆಜ್ಜೆಗಳನ್ನು ಬರೆದಿಡಬೇಕಾದ ಕಾಗದ ಯಾವುದಾಗಿತ್ತು?

*

ಈಗ ಬೀಳದ ಹೆಜ್ಜೆಯ ಸಂಖ್ಯೆಗೆ ಬರುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯಂತೆ, ಮನುಷ್ಯನು ಉದ್ದೇಶವಿಲ್ಲದೆ ನೆಲಕ್ಕೋ ಕೆಳಗಿನ ಮಟ್ಟಕ್ಕೋ ಬಂದು ನಿಲ್ಲುವುದೇ ಬೀಳುವಿಕೆ. ನೆಲ ಮುಟ್ಟುವ ಮೊದಲೇ ಸಾವರಿಸಿಕೊಂಡರೆ ಅದು ಬೀಳುವಿಕೆಯಲ್ಲ. ಆದ್ದರಿಂದ ಮೂಲ ಪಟ್ಟಿಯಲ್ಲಿ ಜಾರಿ, ಎಡವಿ, ಮುಗ್ಗರಿಸಿ ಬಿದ್ದವನಿಗೆ ಡಬ್ಲ್ಯೂ 01 ಎಂಬ ಸ್ಥಾನವಿತ್ತು, ಬೀಳದವನಿಗೆ ಇರಲಿಲ್ಲ. ಅಮೆರಿಕದವರು ತಮ್ಮ ಆಸ್ಪತ್ರೆಗಳಿಗಾಗಿ ಆ ಪಟ್ಟಿಯನ್ನು ವಿಸ್ತರಿಸಿ 2015ರ ಅಕ್ಟೋಬರ್ 1ರಿಂದ ಜಾರಿಗೆ ತಂದರು. ಅದರಲ್ಲಿ ಡಬ್ಲ್ಯೂ 18.4 ಎಂದರೆ 'ಜಾರುವುದು, ಎಡವುವುದು, ಮುಗ್ಗರಿಸುವುದು, ಆದರೆ ಬೀಳದಿರುವುದು'. ವಸ್ತುವಿನ ಮೇಲೆ ಕಾಲಿಟ್ಟು ಹಾಗಾದರೆ 18.41, ಗುಂಡಿಯೊಳಗೆ ಕಾಲಿಟ್ಟರೆ 18.42, ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಕಾಲಿಡುವಾಗಲಾದರೆ 18.43. ಲಾಂಚಿನ ಹಲಗೆಯಿಂದ ದಡಕ್ಕೆ ಕಾಲಿಡುವಾಗ ಜಾರಿದ ನಾನು ಈ ಕೊನೆಯದಕ್ಕೆ ಸೇರಿದವನಂತೆ. ಬೀಳದಿದ್ದರೂ ತೋಳು ಉಳುಕಿ ವೈದ್ಯರ ಬಳಿಗೆ ಹೋಗಿದ್ದರೆ ಉಳುಕಿನ ಸಂಖ್ಯೆಯ ಜೊತೆಗೆ ಇದೂ ಬರುತ್ತಿತ್ತು. ನಾನು ಹೋಗಲಿಲ್ಲ, ಆದ್ದರಿಂದ ಪಟ್ಟಿಯಲ್ಲಿ ಸ್ಥಾನವಿದ್ದರೂ ನಾನು ಅಲ್ಲಿಲ್ಲ.

ಪಟ್ಟಿ ಇಷ್ಟು ದೂರ ಬಂದದ್ದರ ಹಿಂದೆ ಇನ್ನೊಂದು ಪರಂಪರೆಯಿದೆ. ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹೈನ್ರಿಕ್ ಎಂಬಾತನು 1931ರಲ್ಲಿ ಕಾರ್ಖಾನೆಗಳ ಅಪಘಾತಗಳನ್ನು ಕುರಿತು ಪುಸ್ತಕ ಬರೆದು, ಒಂದು ದೊಡ್ಡ ಗಾಯದ ಹಿಂದೆ ಇಪ್ಪತ್ತೊಂಬತ್ತು ಸಣ್ಣ ಗಾಯಗಳೂ ಗಾಯವೇ ಆಗದ ಮುನ್ನೂರು ಘಟನೆಗಳೂ ಇರುತ್ತವೆ ಎಂದನು. ಆ ಅನುಪಾತವನ್ನು ಮುಂದಿನವರು ಪ್ರಶ್ನಿಸಿದ್ದಾರೆ. ಆದರೆ 'ಏನೂ ಆಗಲಿಲ್ಲ' ಎಂಬುದೂ ಒಂದು ಸುದ್ದಿ ಎಂಬ ಅವನ ತಿಳಿವಳಿಕೆ ನಿಂತಿತು.

ವಿಮಾನಯಾನದವರು ಅದನ್ನು ಬಹಳ ಬೆಲೆ ತೆತ್ತು ಕಲಿತರು. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ನಗರದ ಸಮೀಪ ಟಿಡಬ್ಲ್ಯೂಎ ಸಂಸ್ಥೆಯ ವಿಮಾನವೊಂದು ಬೆಟ್ಟಕ್ಕೆ ಬಡಿದು 92 ಜನರು ಸತ್ತರು. ಇಳಿಯಲು ಬಂದ ಅಪ್ಪಣೆಯನ್ನು ತಪ್ಪಾಗಿ ಅರ್ಥಮಾಡಿಕೊಂಡದ್ದು ಕಾರಣ. ತನಿಖೆಯಲ್ಲಿ ತಿಳಿದದ್ದೇನೆಂದರೆ, ಆರು ವಾರಗಳ ಹಿಂದೆ ಬೇರೊಂದು ಸಂಸ್ಥೆಯ ವಿಮಾನವು ಅದೇ ತಪ್ಪು ತಿಳಿವಳಿಕೆಯಿಂದ ಅದೇ ಬೆಟ್ಟಕ್ಕೆ ಬಡಿಯುವುದರಿಂದ ಕೂದಲೆಳೆಯಲ್ಲಿ ಪಾರಾಗಿತ್ತು. ಆ ಸಂಸ್ಥೆಯವರು ತಮ್ಮ ಚಾಲಕರಿಗೆ ಎಚ್ಚರಿಕೆ ಕೊಟ್ಟಿದ್ದರು. ಉಳಿದವರಿಗೆ ಆ ಸುದ್ದಿ ತಲುಪಿರಲಿಲ್ಲ. 1976ರಲ್ಲಿ ನಾಸಾ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಒಂದು ವ್ಯವಸ್ಥೆ ಆರಂಭವಾಯಿತು. ಅಪಾಯದಿಂದ ಪಾರಾದವನು ತಾನೇ ಬರೆದು ಕಳುಹಿಸಬಹುದು. ಹೇಳಿದವನ ಹೆಸರನ್ನು ಗುಟ್ಟಾಗಿಡಲಾಗುತ್ತದೆ. ಈ ಗುಟ್ಟೇ ಅದರ ಜೀವಾಳ. ಹೇಳಿದವನಿಗೆ ಶಿಕ್ಷೆಯಾದರೆ ಯಾರು ಹೇಳುತ್ತಾರೆ?

ಆಸ್ಪತ್ರೆಗಳಿಗೆ ಈ ವಿಚಾರ ತಡವಾಗಿ ಬಂದಿತು. ಹಾಸಿಗೆಯಲ್ಲಿರುವ ರೋಗಿಯು ಬೀಳುವ ಸಂಭವವೆಷ್ಟೆಂದು ಅಂಕ ಹಾಕಿ ನೋಡುವ ಮಾನದಂಡವೊಂದನ್ನು ಜಾನಿಸ್ ಮೋರ್ಸ್ ಎಂಬ ಶುಶ್ರೂಷಾ ವಿದ್ವಾಂಸರು 1989ರಲ್ಲಿ ಪ್ರಕಟಿಸಿದರು. ಅದರಲ್ಲಿ ಕೇಳುವ ಮೊದಲ ಪ್ರಶ್ನೆಯೇ ಹಿಂದೆ ಬಿದ್ದದ್ದುಂಟೇ ಎಂಬುದು. 1999ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯ ವರದಿಯು ಆಸ್ಪತ್ರೆಗಳ ತಪ್ಪುಗಳಿಂದ ಆ ದೇಶದಲ್ಲಿ ವರ್ಷಕ್ಕೆ 44,000ದಿಂದ 98,000 ಜನರು ಸಾಯುತ್ತಿರಬಹುದೆಂದು ಅಂದಾಜು ಮಾಡಿ, ಕೂದಲೆಳೆಯಲ್ಲಿ ತಪ್ಪಿದ ಘಟನೆಗಳನ್ನೂ ವರದಿ ಮಾಡಬೇಕೆಂದಿತು. ನಮ್ಮ ದೇಶದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯು 2005ರಲ್ಲಿ ಸ್ಥಾಪನೆಯಾದ ಮೇಲೆ, ಮಾನ್ಯತೆ ಬಯಸುವ ಆಸ್ಪತ್ರೆಗಳು ಇಂತಹ ಘಟನೆಗಳ ದಾಖಲೆ ಇಡಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನರು ಬಿದ್ದು ಸಾಯುತ್ತಾರೆ. ಉದ್ದೇಶವಿಲ್ಲದ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದು. ಅವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು.

ಹೀಗೆ ನೋಡಿದರೆ, ಲೆಕ್ಕವು ಸಾವಿನಿಂದ ರೋಗಕ್ಕೆ, ರೋಗದಿಂದ ಗಾಯದ ಕಾರಣಕ್ಕೆ, ಅಲ್ಲಿಂದ ಬೀಳದೆ ಉಳಿದ ಗಳಿಗೆಗೆ ನಡೆದು ಬಂದಿದೆ. ಇಷ್ಟು ನಡೆಯಲು ಅದಕ್ಕೆ ಮುನ್ನೂರೈವತ್ತು ವರ್ಷಗಳು ಬೇಕಾದವು.

*

ಈಗ ನನ್ನ ತಪ್ಪು. ಅದು ಎಂಬತ್ತರ ದಶಕದ ಮಾತು. ಊರಿನ ಹೆಸರು ಬೇಡ. ಅಲ್ಲಿ ಓದಿದವರಿಗೆ ಗೊತ್ತಾಗುತ್ತದೆ.

ಶಾಲೆಗೂ ಆಚೆ ಕೇರಿಗೂ ನಡುವೆ ಹಳ್ಳವಿತ್ತು. ಅದರ ಮೇಲೆ ಅಡಿಕೆ ಮರದ ದಬ್ಬೆಗಳನ್ನು ಜೋಡಿಸಿದ ಕಾಲುಸಂಕ. ಹಿಡಿದುಕೊಳ್ಳಲು ಒಂದು ಕಡೆ ಬಿಳಲು. ಒಂದು ಜುಲೈ ತಿಂಗಳ ಬೆಳಿಗ್ಗೆ ಐದನೆಯ ತರಗತಿಯ ಹುಡುಗಿಯೊಬ್ಬಳು ಪ್ರಾರ್ಥನೆ ಮುಗಿದು ಅರ್ಧ ಗಂಟೆಯಾದ ಮೇಲೆ ಬಂದಳು. ಲಂಗದ ಅಂಚು ನೆನೆದಿತ್ತು. "ಸಂಕದ ಮೇಲೆ ಕಾಲು ಜಾರಿತು ಸಾರ್, ಬಿಳಲು ಹಿಡಿದುಕೊಂಡೆ, ಹೆದರಿಕೆಯಾಗಿ ಅಲ್ಲೇ ಕೂತಿದ್ದೆ" ಎಂದಳು. ನಾನು ಅದನ್ನು ತಡವಾದುದಕ್ಕೆ ಕಟ್ಟಿದ ನೆಪವೆಂದು ತಿಳಿದೆ. ಒಂದು ಪಿರಿಯಡ್ಡು ಹೊರಗೆ ನಿಲ್ಲಿಸಿದೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ತಡ' ಎಂದು ಬರೆದೆ. ಆ ದಿನದ ಘಟನೆಯ ಇಡೀ ದಾಖಲೆ ಅದೊಂದೇ ಶಬ್ದ.

ಅದಾದ ಮೇಲೆ ಆ ಕೇರಿಯ ಯಾವ ಮಗುವೂ ಸಂಕದ ಸುದ್ದಿ ಹೇಳಲಿಲ್ಲ. ಎಲ್ಲ ಸರಿಯಾಗಿದೆಯೆಂದು ನಾನು ತಿಳಿದಿದ್ದೆ. ಮುಂದಿನ ವರ್ಷದ ಮಳೆಗಾಲದಲ್ಲಿ ಮೂರನೆಯ ತರಗತಿಯ ಹುಡುಗನೊಬ್ಬನು ಅದೇ ಸಂಕದಿಂದ ಹಳ್ಳಕ್ಕೆ ಬಿದ್ದನು. ಪಕ್ಕದ ತೋಟದಲ್ಲಿ ಔಷಧಿ ಹೊಡೆಯಲು ಮರ ಹತ್ತಿದ್ದ ಕೊನೆಗಾರನು ಮೇಲಿನಿಂದ ಅದನ್ನು ಕಂಡು, ಇಳಿದು ಓಡಿ, ನೀರಿಗೆ ಹಾರಿ ಅವನನ್ನು ಎಳೆದು ತಂದನು. ಹುಡುಗನ ಕೈ ಮುರಿದಿತ್ತು, ಜೀವ ಉಳಿಯಿತು.

ಅಂದು ಸಂಜೆ ಮಕ್ಕಳನ್ನು ಕೂರಿಸಿ ಕೇಳಿದೆ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಹೇಳಿದರು. ಮಧ್ಯದ ದಬ್ಬೆ ಉರುಳುತ್ತದೆ. ಕೊಡೆ ಹಿಡಿದರೆ ಬಿಳಲು ಹಿಡಿಯಲು ಕೈ ಇರುವುದಿಲ್ಲ. ತನಗೆ ಮೂರು ಸಲ ಜಾರಿತ್ತು, ಅವಳಿಗೆ ಎರಡು ಸಲ. "ಮತ್ತೆ ಹೇಳಲಿಲ್ಲ ಯಾಕೆ?" ಎಂದೆ. ಆ ಹುಡುಗಿ, ಈಗ ಆರನೆಯ ತರಗತಿಯಲ್ಲಿದ್ದವಳು, ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಅವಳು ಉತ್ತರ ಕೊಡಬೇಕಾದ ಅಗತ್ಯವಿರಲಿಲ್ಲ.

ಕೇರಿಯ ಮಕ್ಕಳೆಲ್ಲರಿಗೂ ಗೊತ್ತಿದ್ದ ಸಂಗತಿ ನನಗೊಬ್ಬನಿಗೆ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯನ್ನು ನಾನೇ ಮುಚ್ಚಿದ್ದೆ. ಮರುದಿನದಿಂದ ಎರಡು ರೂಲಿನ ಒಂದು ನೋಟು ಪುಸ್ತಕವನ್ನು ತರಗತಿಯ ಬಾಗಿಲ ಬಳಿ ಇಟ್ಟೆ. ಜಾರಿದವರು ಬಂದು ಬರೆಯಬೇಕು: ತಾರೀಖು, ಎಲ್ಲಿ, ಕೈಯಲ್ಲಿ ಏನಿತ್ತು. ಹೆಸರು ಬೇಕಾಗಿಲ್ಲ; ತಡವಾದರೆ ಬೈಗುಳವಿಲ್ಲ. ಮಕ್ಕಳು ಅದನ್ನು ಜಾರುಪುಸ್ತಕವೆಂದು ಕರೆದರು. ಮಳೆಗಾಲ ಮುಗಿದ ಮೇಲೆ ಓದಿ ನೋಡಿದರೆ, ಹೆಚ್ಚಿನವು ಮಧ್ಯದ ಒಂದೇ ದಬ್ಬೆಯ ಮೇಲೆ, ಕೊಡೆ ಹಿಡಿದ ಗಾಳಿಯ ದಿನಗಳಲ್ಲಿ ನಡೆದವು. ಬೇಸಗೆಯಲ್ಲಿ ಆ ಪುಸ್ತಕವನ್ನು ಊರ ಹಿರಿಯರ ಮುಂದೆ ಇಟ್ಟೆ. ಯಾರೂ ವಾದಿಸಲಿಲ್ಲ. ದಬ್ಬೆಗಳನ್ನು ಬದಲಿಸಿ, ಮೇಲೆ ಅಡ್ಡಪಟ್ಟಿ ಹೊಡೆದು, ಎರಡೂ ಕಡೆ ಬಿದಿರಿನ ಕೈಹಿಡಿ ಕಟ್ಟಿದರು. ಎಲ್ಲ ಸೇರಿ ಎರಡು ದಿನದ ಕೆಲಸ.

ವಾಷಿಂಗ್ಟನ್ನಿನ ಬೆಟ್ಟದ ಕಥೆಯನ್ನು ನಾನು ಆಗ ಕೇಳಿರಲಿಲ್ಲ. ಈಗ ಓದಿದಾಗ, ನಮ್ಮ ಹಳ್ಳದ ಕಥೆಯೂ ಅದೇ ಎನಿಸಿತು. ಅಲ್ಲಿ ಆರು ವಾರ, ಇಲ್ಲಿ ಒಂದು ವರ್ಷ. ಅಲ್ಲಿ 92 ಜನರು ಹೋದರು. ಇಲ್ಲಿ ಒಬ್ಬ ಕೊನೆಗಾರನು ಮರದ ಮೇಲಿದ್ದುದರಿಂದ ಒಂದು ಮಗು ಉಳಿಯಿತು. ಎಲ್ಲ ಹಳ್ಳಗಳ ದಡದಲ್ಲಿಯೂ ಕೊನೆಗಾರನಿರುವುದಿಲ್ಲ. 2022ರ ಆಗಸ್ಟ್ ತಿಂಗಳಿನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದ ಸುದ್ದಿಯನ್ನು ನೀವೂ ಓದಿರುತ್ತೀರಿ. ಶಾಲಾ ಸಂಪರ್ಕ ಸೇತು ಎಂಬ ಯೋಜನೆಯಲ್ಲಿ ಎಷ್ಟೋ ಕಡೆ ಕಾಂಕ್ರೀಟಿನ ಕಿರುಸೇತುವೆಗಳಾಗಿವೆ. ಎಲ್ಲಿ ಮೊದಲು ಕಟ್ಟಬೇಕೆಂಬ ಪ್ರಶ್ನೆಗೆ ಉತ್ತರವು ಬಿದ್ದವರ ಪಟ್ಟಿಯಿಂದಲೇ ಬರಬೇಕಾಗಿಲ್ಲ. ಜಾರಿದವರನ್ನು ಕೇಳಿದರೂ ಸಾಕು.

*

ತೋಟಗಳಲ್ಲಿ ಈಗ ಕಾರ್ಬನ್ ಫೈಬರಿನ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊಯ್ಯುತ್ತಾರೆ, ಔಷಧಿಯನ್ನೂ ಹೊಡೆಯುತ್ತಾರೆ. ಹಳ್ಳಗಳಿಗೆ ಸೇತುವೆಗಳಾಗುತ್ತಿವೆ. ಸಿಗಂದೂರಿಗೆ ಹೋಗಲು ಕಬ್ಬಿಣದ ಹಲಗೆಯ ಮೇಲೆ ಕಾಲಿಡಬೇಕಾಗಿಲ್ಲ. ಆದರೆ ಮನೆಗಳೊಳಗೆ ಹಿರಿಯರು ಉಳಿದಿದ್ದೇವೆ. ಬಚ್ಚಲ ಹಾಸುಗಲ್ಲು, ಜಗಲಿಯ ಮೆಟ್ಟಿಲು, ರಾತ್ರಿ ಎದ್ದಾಗ ಕಣ್ಣು ಕತ್ತಲೆ ಬರುವುದು, ಹೊಸ ಮಾತ್ರೆ ತೆಗೆದುಕೊಂಡ ವಾರದ ತೂಕಡಿಕೆ. ಪದೇ ಪದೇ ಬೀಳುವುದಕ್ಕೆ ಆರ್ 29.6 ಎಂಬ ಸಂಖ್ಯೆ ಇದೆ. ಅದಕ್ಕಿಂತ ಮೊದಲು, ಗೋಡೆ ಹಿಡಿದು ನಿಂತ ಎಷ್ಟೋ ಗಳಿಗೆಗಳಿರುತ್ತವೆ. ಅವನ್ನು ನಾವು ನಿಮಗೆ ಹೇಳುವುದಿಲ್ಲ. ಹೇಳಿದರೆ ನೀವು "ಒಬ್ಬರೇ ಹೊರಗೆ ಹೋಗಬೇಡಿ, ತೋಟಕ್ಕೆ ಇಳಿಯಬೇಡಿ" ಎನ್ನುತ್ತೀರಿ. ಅದು ನಮಗೆ ತರಗತಿಯ ಹೊರಗೆ ನಿಲ್ಲಿಸಿದ ಹಾಗೆ.

ಆದ್ದರಿಂದ ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಇರುವ ನಿಮ್ಮೆಲ್ಲರಿಗೆ ಒಂದು ಮಾತು. ದೂರವಾಣಿಯಲ್ಲಿ ತಂದೆತಾಯಿಯರನ್ನು "ಬಿದ್ದಿರಾ?" ಎಂದು ಕೇಳಬೇಡಿ, "ಎಲ್ಲಿಯಾದರೂ ಬೀಳುವ ಹಾಗಾಯಿತೇ?" ಎಂದು ಕೇಳಿ. ಉತ್ತರ ಬಂದಾಗ ಬೈಯಬೇಡಿ. ಎಲ್ಲಿ, ಯಾವ ಹೊತ್ತಿನಲ್ಲಿ ಎಂಬುದನ್ನು ಬರೆದುಕೊಂಡು ವೈದ್ಯರಿಗೆ ಅದೇ ಮಾತಿನಲ್ಲಿ ಹೇಳಿ. ಅವರು ಬರೆದರೆ ಎಲ್ಲೋ ಒಬ್ಬಳು ಅದಕ್ಕೆ ಸರಿಯಾದ ಸಂಖ್ಯೆಯನ್ನು ಹಚ್ಚುತ್ತಾಳೆ.

ಅಂದು ಹೊರಗೆ ನಿಂತಿದ್ದ ಆ ಹುಡುಗಿ ಯಾರೆಂದು ಕೆಲವರು ಊಹಿಸಿರಬಹುದು. ಸೇತುವೆಯ ಸುದ್ದಿ ಬಂದ ದಿನ ದೂರವಾಣಿ ಮಾಡಿದವಳು ಅವಳೇ. ಅಂದಿನ ಹಾಜರಿ ಪುಸ್ತಕದ ಮಾತನ್ನು ಅವಳು ಎತ್ತಲಿಲ್ಲ, ನಾನೇ ಎತ್ತಿ ಕ್ಷಮೆ ಕೇಳಿದೆ. "ಬಿಡಿ ಮೇಷ್ಟ್ರೇ, ಈಗ ಅದನ್ನೇ ಬರೆದು ಸಂಬಳ ತಗೊಳ್ತೀನಲ್ಲ" ಎಂದು ನಕ್ಕಳು.